ಅನುಮತಿಯೂ ಋಣವೂ

ಧರ್ಮವಿಚಾರದಲ್ಲಿ ಎರಡು ಸಂಗತಿಗಳನ್ನು ಬೆರಸದೆ ನೋಡಬೇಕು. ಒಂದು, ಮಾಡಬಹುದೆಂಬ ಅನುಮತಿ. ಇನ್ನೊಂದು, ಮಾಡಿದ ಬಳಿಕ ತೀರಿಸಬೇಕಾದ ಋಣ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇಲ್ಲವಾಗುವುದೆ? ಗಣಕಯಂತ್ರಗಳ ವ್ಯಾಪಾರದಲ್ಲಿ ಇದಕ್ಕೆ ಒಂದು ನಿದರ್ಶನವಿದೆ.

ಲಿನಕ್ಸ್ ಎಂಬುದು ಗಣಕಯಂತ್ರವನ್ನು ನಡೆಯಿಸುವ ಮೂಲ ತಂತ್ರಾಂಶ. ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸರು 1991ರಲ್ಲಿ ಇದನ್ನು ಆರಂಭಿಸಿದರು. ಬಳಿಕ ಸಾವಿರಾರು ಜನರು ಕೈಗೂಡಿಸಿದರು. ಇದರ ಮೂಲಪಾಠವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವನು ತನ್ನ ತಿದ್ದುಪಡಿಯ ಮೂಲವನ್ನೂ ಪಡೆದವರಿಗೆ ಒದಗಿಸಬೇಕೆಂಬುದು ಅದರ ಲೈಸೆನ್ಸಿನ ಕಟ್ಟಳೆ. ಅಮೆರಿಕದ ರೆಡ್ ಹ್ಯಾಟ್ ಸಂಸ್ಥೆಯು ಇದನ್ನು ಪರಿಷ್ಕರಿಸಿ, ಗಿರಾಕಿಗಳಿಗೆ ವರ್ಷವರ್ಷವೂ ನೆರವನ್ನು ಮಾರಿ ಬೆಳೆಯಿತು. 2006ರ ಅಕ್ಟೋಬರಿನಲ್ಲಿ, ಬ್ಯಾಂಕಿನ ಖಾತೆಗಳಂಥ ಅಪಾರ ವಿವರಗಳನ್ನು ಕೂಡಿಡುವ ಡೇಟಾಬೇಸಿನ ವರ್ತಕರಾದ ಒರಾಕಲ್ ಸಂಸ್ಥೆಯವರು ಆ ಪರಿಷ್ಕೃತ ಪಾಠವನ್ನೇ ತೆಗೆದುಕೊಂಡು, ರೆಡ್ ಹ್ಯಾಟಿನ ಹೆಸರು ಮುದ್ರೆಗಳನ್ನು ತೆಗೆದುಹಾಕಿ, ಕಡಮೆ ಬೆಲೆಗೆ ನೆರವನ್ನು ಕೊಡುವುದಾಗಿ ಸಾರಿದರು. ಮರುದಿನವೇ ರೆಡ್ ಹ್ಯಾಟಿನ ಷೇರಿನ ಬೆಲೆ ಸುಮಾರು ಕಾಲುಭಾಗ ಇಳಿಯಿತು.

ಡೇಟಾಬೇಸಿನ ವರ್ತಕನಿಗೆ ಇದೇಕೆ ಬೇಕಾಯಿತು? ಡೇಟಾಬೇಸು ಉಪ್ಪರಿಗೆಯಾದರೆ ಲಿನಕ್ಸು ಅಸ್ತಿಭಾರ. ಗೋಡೆ ಬಿರುಕುಬಿಟ್ಟಾಗ ಕೆಳಗಿನವನು ಮೇಲಿನವನನ್ನೂ ಮೇಲಿನವನು ಕೆಳಗಿನವನನ್ನೂ ದೂರಿದರೆ ಮನೆಯೊಡೆಯನ ಗತಿಯೇನು? ಎರಡಕ್ಕೂ ಒಬ್ಬನೇ ಹೊಣೆಯಾಗುವುದು ಅವನಿಗೆ ಹಿತವೆ. ಅಸ್ತಿಭಾರದಲ್ಲಿ ಉಳಿದ ಹಣ ಉಪ್ಪರಿಗೆಗೆ ಒದಗುವುದು ವರ್ತಕನಿಗೂ ಹಿತ. ಇದಲ್ಲದೆ, ಅದೇ ವರ್ಷ ರೆಡ್ ಹ್ಯಾಟು ಜೆಬಾಸ್ ಎಂಬ ಸಂಸ್ಥೆಯನ್ನು ಕೊಂಡು ಒರಾಕಲಿನ ಅಂಗಡಿಬೀದಿಗೇ ಬಂದು ನಿಂತಿತ್ತು. ಪ್ರತಿಸ್ಪರ್ಧಿಯ ಅಸ್ತಿಭಾರದ ಮೇಲೆ ಮನೆ ಕಟ್ಟಲು ಯಾರು ಒಪ್ಪುವರು?

ಇದು ಚೌರ್ಯವೆಂದು ಕೆಲವರ ಪೂರ್ವಪಕ್ಷ. ಅದು ನಿಲ್ಲುವುದಿಲ್ಲ. ಎಲ್ಲರಿಗೂ ಎಂದು ಕೊಟ್ಟುದರಲ್ಲಿ ಪ್ರತಿಸ್ಪರ್ಧಿಯೂ ಸೇರುವನು. ರೆಡ್ ಹ್ಯಾಟು ತಾನೂ ಅನ್ಯರ ಶ್ರಮವನ್ನು ಪಡೆದೇ ಬೆಳೆದುದು. ಕಟ್ಟಳೆಯಂತೆ ನಡೆದ ಮೇಲೆ ಯಾವ ಋಣವೂ ಇಲ್ಲವೆಂಬುದು ಎರಡನೆಯ ಪೂರ್ವಪಕ್ಷ. ಇದೂ ನಿಲ್ಲದು. ಕೆರೆಯ ನೀರನ್ನು ಬಳಸಲು ಊರಿಗೆಲ್ಲ ಹಕ್ಕುಂಟು. ಹೂಳೆತ್ತುವ ದಿನ ಯಾರೂ ಬಾರದಿದ್ದರೆ ಆ ಹಕ್ಕಿನಲ್ಲಿ ನೀರಿರುವುದಿಲ್ಲ.

ನಮ್ಮ ಹಿರಿಯರು ಹೇಳಿದ ಋಷಿಋಣದ ಸ್ವರೂಪವೂ ಇದೇ. ಕಲಿಸಿದ ಗುರುವಿಗೆ ಹಣ ಸಲ್ಲಿಸಿದ ಮಾತ್ರಕ್ಕೆ ಅದು ತೀರದು. ಓದಿ, ಮುಂದಿನವರಿಗೆ ಓದಿಸಿದರೆ ತೀರುವುದು. ಹಾಗೆಯೇ ಒರಾಕಲಿನ ಋಣವು ರೆಡ್ ಹ್ಯಾಟಿಗಲ್ಲ, ಲಿನಕ್ಸಿನ ಸಾಮಾನ್ಯ ಭಂಡಾರಕ್ಕೆ ಸಲ್ಲತಕ್ಕದ್ದು. ಕಡತಗಳನ್ನು ಅಣಿಯಾಗಿ ಇಡುವ ಬಿಟಿಆರ್‌ಎಫ್‌ಎಸ್ ಎಂಬ ವ್ಯವಸ್ಥೆಯು 2007ರಲ್ಲಿ ಒರಾಕಲಿನಲ್ಲೇ ಹುಟ್ಟಿ ಲಿನಕ್ಸಿಗೆ ಸಂದಿತು; ಅಷ್ಟರಮಟ್ಟಿಗೆ ಋಣ ತೀರಿದೆ. ಆದರೆ ತಮ್ಮ ಡೇಟಾಬೇಸಿನ ಮೂಲಪಾಠಕ್ಕೆ ಅವರು ಬೀಗ ತೆಗೆದಿಲ್ಲ.

2023ರಲ್ಲಿ, ಐಬಿಎಂ ಸಂಸ್ಥೆಯ ಅಧೀನದಲ್ಲಿದ್ದ ರೆಡ್ ಹ್ಯಾಟು ತನ್ನ ಆವೃತ್ತಿಗಳ ಯಥಾವತ್ತಾದ ಮೂಲಪಾಠವನ್ನು ಎಲ್ಲರ ಮುಂದಿಡುವುದನ್ನು ನಿಲ್ಲಿಸಿ ಗಿರಾಕಿಗಳಿಗೆ ಮೀಸಲಿರಿಸಿತು. ಆಗ ಮುಕ್ತತೆಯನ್ನು ಹೊಗಳಿ, ಇತರ ಎರಡು ಸಂಸ್ಥೆಗಳೊಡನೆ ಸೇರಿ ಮೂಲಪಾಠವನ್ನು ಪ್ರಕಟಿಸಲು ಮುಂದಾದವರು ಒರಾಕಲಿನವರು! ಇಬ್ಬರ ಮಾತಿನಲ್ಲಿಯೂ ಸ್ವಾರ್ಥವಿದೆ, ಅದು ಆಶ್ಚರ್ಯವಲ್ಲ. ಆದುದರಿಂದ ಯಾರು ಏನನ್ನು ಹೊಗಳಿದರೆಂಬುದನ್ನು ಬಿಟ್ಟು, ಯಾರು ಎಷ್ಟು ಹೂಳೆತ್ತಿದರೆಂಬುದನ್ನು ಕೇಳುವುದೇ ವಿವೇಕ. ಪರರ ವಿದ್ಯೆಯನ್ನು ಬೆಲೆಯಿಲ್ಲದೆ ಪಡೆದು ಬಾಳುವ ನಾವೂ ಈ ಪ್ರಶ್ನೆಯಿಂದ ಹೊರಗಿನವರಲ್ಲ.