ಲಕ್ಕಮ್ಮನ ಅಳತೆ, ನೆರೆಮನೆಯ ನಿದ್ದೆ

ಲಿಂಗಸುಗೂರು ತಾಲ್ಲೂಕಿನ ಗುರುಗುಂಟ ಅಮರೇಶ್ವರ, ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನವರಿಗೆ ಜಾತ್ರೆಯಿಂದಲೂ ಹರಕೆಯಿಂದಲೂ ಪರಿಚಿತ ಕ್ಷೇತ್ರ. 12ನೇ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಆ ಕಡೆಯವರು. ಲಕ್ಕಮ್ಮನ ವಚನಗಳ ಅಂಕಿತದಲ್ಲಿ ಇಂದಿಗೂ ಅಮರೇಶ್ವರಲಿಂಗದ ಹೆಸರಿದೆ. ಕಲ್ಯಾಣಕ್ಕೆ ಹೋದ ಮಾರಯ್ಯ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದನ್ನೇ ಕಾಯಕ ಮಾಡಿಕೊಂಡ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ದಿನದ ದಾಸೋಹಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು.

ಈ ಕಥೆಯನ್ನು ಸಾಮಾನ್ಯವಾಗಿ ಆಸೆಯ ಕುರಿತ ಪಾಠವಾಗಿ ಹೇಳುತ್ತಾರೆ. ಅದರೊಳಗೆ ಇನ್ನೊಂದು ವಿಚಾರವೂ ಇದೆ: ಪೂಜೆಗೆ ಸಮನಾದ ಕಾಯಕಕ್ಕೂ ಒಂದು ಮಿತಿಯಿದೆ. ಕೆಲಸ ಪವಿತ್ರ ಎಂದ ಮಾತ್ರಕ್ಕೆ ಆ ಕೆಲಸ ಎತ್ತಿಕೊಂಡು ಬಂದದ್ದೆಲ್ಲ ತನ್ನದಾಗುವುದಿಲ್ಲ.

ಮನೆ ಕಟ್ಟುವುದು ಕಾಯಕಗಳಲ್ಲಿ ದೊಡ್ಡದು. ಮಸ್ಕಿ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ಕುಟುಂಬದ ಹಲವು ವರ್ಷಗಳ ದುಡಿಮೆ ಒಂದು ಸ್ಲ್ಯಾಬಿಗೆ ಹೋಗುತ್ತದೆ. ಆ ದಿನ ಮಿಕ್ಸರ್ ಯಂತ್ರ ನಿಲ್ಲುವಂತಿಲ್ಲ. ಕಾಂಕ್ರೀಟನ್ನು ಅರ್ಧಕ್ಕೆ ಬಿಟ್ಟರೆ ಹಳೆಯ ಪದರ ಗಟ್ಟಿಯಾಗಿ, ಹೊಸದು ಅದಕ್ಕೆ ಸರಿಯಾಗಿ ಬೆಸೆಯದೆ, ಮುಂದೆ ಆ ಕೂಡುಗೆರೆಯಲ್ಲೇ ನೀರು ಸೋರುತ್ತದೆ. ಗೌಂಡಿಗಳಿಗೆ ಬೇರೆಯದೇ ಸಂಕಟ: ರಾಯಚೂರು ಸೀಮೆಯಲ್ಲಿ ಏಪ್ರಿಲ್‌, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ನಸುಕಿನಲ್ಲೇ ಕೆಲಸ ಹಿಡಿಯದಿದ್ದರೆ ಮಧ್ಯಾಹ್ನ ಮೈ ತಡೆಯುವುದಿಲ್ಲ. ಇತ್ತ ಪಕ್ಕದ ಮನೆಯಲ್ಲಿ ಬಾಣಂತಿ ಇರಬಹುದು, ಹಾಸಿಗೆ ಹಿಡಿದ ಮುದುಕರಿರಬಹುದು, ಬೆಳಗಾದರೆ ಹತ್ತಿ ಬಿಡಿಸಲು ಹೊಲಕ್ಕೆ ಹೋಗಬೇಕಾದ ಹೆಂಗಸರಿರಬಹುದು. ರಾತ್ರಿ ಹನ್ನೊಂದಕ್ಕೆ ವೈಬ್ರೇಟರ್ ಸದ್ದು ಗೋಡೆ ದಾಟಿ ಬಂದಾಗ ಮನೆ ಕಟ್ಟುವವರ ಪಾಲಿಗೆ ಅವರದಲ್ಲದ ಒಂದು ವಸ್ತು ಸೇರಿಬಿಡುತ್ತದೆ. ಅದು ನೆರೆಯವರ ನಿದ್ದೆ. ಲಕ್ಕಮ್ಮನ ಲೆಕ್ಕದಲ್ಲಿ ಅದು ಹಿಂದಿರುಗಿಸಬೇಕಾದ ಅಕ್ಕಿ.

ಕಟ್ಟುವ ಸದ್ದಿನ ಬಗ್ಗೆ ಧರ್ಮಗ್ರಂಥಗಳು ಯೋಚಿಸಿಯೇ ಇಲ್ಲ ಎನ್ನುವಂತಿಲ್ಲ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ, ಅರಸುಗಳ ಮೊದಲ ಪುಸ್ತಕದ ಆರನೆಯ ಅಧ್ಯಾಯ, ಸೊಲೊಮೋನ ಅರಸ ಜೆರೂಸಲೇಮಿನಲ್ಲಿ ದೇವಾಲಯ ಕಟ್ಟಿಸಿದ ಬಗೆಯನ್ನು ವಿವರಿಸುತ್ತದೆ. ಕಲ್ಲುಗಳನ್ನು ಗಣಿಯಲ್ಲೇ ಕೆತ್ತಿ ಸಿದ್ಧಮಾಡಿ ತಂದದ್ದರಿಂದ, ಕಟ್ಟುವ ಜಾಗದಲ್ಲಿ ಸುತ್ತಿಗೆಯಾಗಲಿ ಕೊಡಲಿಯಾಗಲಿ ಬೇರೆ ಕಬ್ಬಿಣದ ಹತಾರವಾಗಲಿ ಸದ್ದು ಮಾಡಲಿಲ್ಲವಂತೆ. ಇನ್ನೂ ಕುತೂಹಲದ ಚರ್ಚೆ ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದಿ ಧರ್ಮಶಾಸ್ತ್ರ ಮಿಶ್ನಾದಲ್ಲಿದೆ. ಹಲವು ಮನೆಗಳಿಗೆ ಸೇರಿದ ಒಂದೇ ಅಂಗಳದಲ್ಲಿ ಯಾರಾದರೂ ಅಂಗಡಿ ತೆರೆದರೆ, ಬಂದು ಹೋಗುವ ಗಿರಾಕಿಗಳ ಗಲಾಟೆಯಿಂದ ನಿದ್ದೆ ಬರುವುದಿಲ್ಲ ಎಂದು ನೆರೆಯವರು ತಡೆಯಬಹುದು. ಆದರೆ ತನ್ನ ಮನೆಯಲ್ಲಿ ಸಾಮಾನು ತಯಾರಿಸಿ ಸಂತೆಯಲ್ಲಿ ಮಾರುವವನ ಸುತ್ತಿಗೆಯ ಸದ್ದನ್ನು ತಡೆಯುವಂತಿಲ್ಲ. ಬೀಸುವ ಕಲ್ಲಿನ ಸದ್ದನ್ನೂ ಮಕ್ಕಳ ಸದ್ದನ್ನೂ ತಡೆಯುವಂತಿಲ್ಲ. ಕಾಯಕದ ಸದ್ದನ್ನು ಸಹಿಸಿಕೊಳ್ಳಬೇಕು ಎಂಬ ಈ ತೀರ್ಮಾನ ಶರಣರ ನಾಡಿಗೂ ಒಪ್ಪುವಂಥದ್ದೇ. ಆದರೂ ಅಂದಿನ ಸುತ್ತಿಗೆಗೂ ಇಂದಿನ ಬ್ರೇಕರಿಗೂ ಇರುವ ಅಂತರ ಸಣ್ಣದಲ್ಲ. ಕೈಸುತ್ತಿಗೆ ಹಿಡಿದವನ ತೋಳು ಕತ್ತಲಾಗುವಷ್ಟರಲ್ಲಿ ಸೋಲುತ್ತಿತ್ತು. ಡೀಸೆಲ್ ಇರುವ ತನಕ ಯಂತ್ರಕ್ಕೆ ಸೋಲಿಲ್ಲ. ತೋಳು ತಾನಾಗಿ ಹಾಕಿಕೊಡುತ್ತಿದ್ದ ಮಿತಿಯನ್ನು ಈಗ ಮನುಷ್ಯರೇ ಯೋಚಿಸಿ ಹಾಕಬೇಕಾಗಿದೆ.

ಭಾರತದಲ್ಲಿ ಆ ಮಿತಿ ಕಾನೂನಿನ ರೂಪದಲ್ಲಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 2000ದ ಫೆಬ್ರವರಿಯಲ್ಲಿ ಶಬ್ದಮಾಲಿನ್ಯ ನಿಯಮಗಳು ಬಂದವು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್‌ನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು ಗಂಟೆ. 2010ರ ತಿದ್ದುಪಡಿ ಇನ್ನೂ ನೇರವಾಗಿದೆ: ವಸತಿ ಪ್ರದೇಶದಲ್ಲೂ ನಿಶ್ಶಬ್ದ ವಲಯದಲ್ಲೂ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ರಾತ್ರಿ ಬಳಸುವಂತಿಲ್ಲ.

ಹಾಗಿದ್ದೂ ದೂರು ಕೊಡುವವರು ವಿರಳ. ಪಾಮನಕಲ್ಲೂರಿನ ಸೀಮೆಗೆ ದೂರುವುದು ಗೊತ್ತಿಲ್ಲ ಎಂದು ಯಾರೂ ಹೇಳಲಾರರು. ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆ ಬೇಕೆಂದು 2020–21ರಲ್ಲಿ ಇದೇ ಊರಿನಲ್ಲಿ ರೈತರು ಅನಿರ್ದಿಷ್ಟ ಧರಣಿ ಕೂತರು. 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆಯಲ್ಲಿ ಆ ಬೇಡಿಕೆ ಎಲ್ಲ ಪಕ್ಷಗಳೂ ಉತ್ತರಿಸಬೇಕಾದ ಪ್ರಶ್ನೆಯಾಯಿತು. ಸರ್ಕಾರದ ಎದುರು ಕೂರಲು ಇರುವ ಧೈರ್ಯ ಪಕ್ಕದ ಮನೆಯವರ ಎದುರು ಇರುವುದಿಲ್ಲ, ಅಷ್ಟೇ. ಅವರು ಬಂಧುಗಳಿರಬಹುದು, ಬಡ್ಡಿಯಿಲ್ಲದೆ ಕೈಗಡ ಕೊಟ್ಟವರಿರಬಹುದು, ನಾಳೆ ಮದುವೆಗೆ ಕರೆಯಬೇಕಾದವರಿರಬಹುದು. ಎಲ್ಲರೂ ಇಂದಲ್ಲ ನಾಳೆ ಮನೆ ಕಟ್ಟುವವರೇ ಎಂಬ ಹೊಂದಾಣಿಕೆಯೂ ಇದೆ, ಅದು ದೊಡ್ಡ ಗುಣ. ಆದರೆ ಸಹನೆಯ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಕಟ್ಟುವವರು ಕೊನೆಗೆ ಮನೆಯೊಳಗೆ ಹೋಗುತ್ತಾರೆ. ಪಕ್ಕದ ಗುಡಿಸಲಿನ ರೋಗಿಗೆ ಸಿಗುವುದು ಸದ್ದು ಮಾತ್ರ. ದೂರುವುದು ಹಗೆತನ ಎಂಬ ಭಾವನೆಗೂ ಲಕ್ಕಮ್ಮನಲ್ಲೇ ಉತ್ತರವಿದೆ. ಅವಳು ಆಕ್ಷೇಪ ಎತ್ತಿದ್ದು ತನ್ನ ಗಂಡನ ವಿರುದ್ಧ, ಅವನ ಭಕ್ತಿ ಕೆಡಬಾರದೆಂದು.

ಹಾಗಾಗಿ ಮೊದಲ ಮಾತು ಮನೆಯ ಯಜಮಾನರ ಹತ್ತಿರ, ಮೇಸ್ತ್ರಿಯ ಹತ್ತಿರ ಆಗುವುದೇ ಒಳ್ಳೆಯದು. ಸ್ಲ್ಯಾಬನ್ನು ಬೆಳಗಿನ ಆರಕ್ಕೆ ಶುರುಮಾಡಿ, ಆಳು ಹೆಚ್ಚು ಹಚ್ಚಿ, ರಾತ್ರಿ ಹತ್ತರೊಳಗೆ ಮುಗಿಸಲು ಸಾಧ್ಯವಿದೆ. ಬೋರ್‌ವೆಲ್ ಲಾರಿಯನ್ನು ಹಗಲಲ್ಲೇ ಕರೆಸಬಹುದು. ಬಿಸಿಲಿನ ದಿನಗಳಲ್ಲಿ ನಸುಕಿಗೆ ಕಂಬಿ ಕಟ್ಟುವ, ಇಟ್ಟಿಗೆ ಹೊರುವಂಥ ಸದ್ದಿಲ್ಲದ ಕೆಲಸ ಹಿಡಿದು ಯಂತ್ರವನ್ನು ಆರರ ನಂತರ ಹಚ್ಚಿದರೆ ಗೌಂಡಿಗೂ ಅನ್ಯಾಯವಿಲ್ಲ. ಮಾತು ನಡೆಯದಿದ್ದರೆ ಹಳ್ಳಿಯಲ್ಲಿ ಕಟ್ಟಡಕ್ಕೆ ಪರವಾನಗಿ ಕೊಡುವ ಗ್ರಾಮ ಪಂಚಾಯಿತಿ ಇದೆ, ಪಟ್ಟಣವಾದರೆ ಪುರಸಭೆ ಅಥವಾ ನಗರಸಭೆ. ರಾತ್ರಿಯ ಹೊತ್ತು ತಕ್ಷಣ ನಿಲ್ಲಬೇಕಿದ್ದರೆ 112ಕ್ಕೆ ಕರೆ ಮಾಡಬೇಕು. ಬರೆದು ಕೊಡುವ ದೂರಿನಲ್ಲಿ ಜಾಗ, ದಿನಾಂಕ, ಯಂತ್ರ ಯಾವುದು, ಎಷ್ಟು ಗಂಟೆಯಿಂದ ಎಷ್ಟರ ತನಕ ಎಂಬುದು ಇರಲಿ. ಮೊಬೈಲ್‌ನಲ್ಲಿ ತೆಗೆದ ವಿಡಿಯೊ ಇದ್ದರೆ ಅದೂ ಇರಲಿ. ಸ್ವೀಕೃತಿ ಪಡೆಯದೆ ಬರಬಾರದು. ಹಗಲಿನ ಸದ್ದಿನ ಬಗ್ಗೆ ದೂರಬೇಕಾದರೆ ಅದು ಮಿತಿಗಿಂತ 10 ಡೆಸಿಬಲ್‌ನಷ್ಟಾದರೂ ಹೆಚ್ಚಿರಬೇಕು. ರಾತ್ರಿಯ ನಿಷೇಧ ಮುರಿದದ್ದಕ್ಕೆ ಈ ಅಳತೆಯ ಷರತ್ತಿಲ್ಲ, ಯಂತ್ರ ನಡೆದದ್ದೇ ಸಾಕು. ಇದನ್ನು ತಿಳಿಯದೆ ಎಷ್ಟೋ ಜನ ಡೆಸಿಬಲ್ ಅಳೆಯುವ ಯಂತ್ರ ತಮ್ಮ ಹತ್ತಿರ ಇಲ್ಲವಲ್ಲ ಎಂದು ಸುಮ್ಮನಾಗುತ್ತಾರೆ. ನಿಯಮಗಳಡಿ ಕ್ರಮ ಕೈಗೊಳ್ಳಬೇಕಾದ ಪ್ರಾಧಿಕಾರದಲ್ಲಿ ಜಿಲ್ಲಾಧಿಕಾರಿ ಸೇರಿದ್ದಾರೆ. ನಿತ್ಯದ ಉಪದ್ರವವಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಉಪವಿಭಾಗದ ದಂಡಾಧಿಕಾರಿ ಅದನ್ನು ನಿಲ್ಲಿಸುವಂತೆ ಆದೇಶಿಸಬಹುದು.

ಕಟ್ಟಡ ಗುಡಿಯದೋ ಮಸೀದಿಯದೋ ಚರ್ಚಿನದೋ ಆದಾಗ ನಾಲಿಗೆ ಇನ್ನಷ್ಟು ಹಿಂಜರಿಯುತ್ತದೆ. ಇಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ನೆನಪಿರಬೇಕು. ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲಿ, 2000ದ ಆಗಸ್ಟ್‌ನಲ್ಲಿ, ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ನ್ಯಾಯಾಲಯ ಕಂಡುಕೊಂಡಿತು. 2005ರ ಜುಲೈನ ತೀರ್ಪಿನ ಹಿಂದೆ ಕರುಳು ಹಿಂಡುವ ಘಟನೆಯಿದೆ: ಅತ್ಯಾಚಾರಕ್ಕೆ ಒಳಗಾದ 13 ವರ್ಷದ ಬಾಲಕಿಯ ಕೂಗು ನೆರೆಹೊರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ, ಆ ವರದಿಯೇ ಅರ್ಜಿಗೆ ಕಾರಣವಾಯಿತು. ಸದ್ದು ಕೇವಲ ಕಿವಿಗೆ ಕಿರಿಕಿರಿ ಎನ್ನುವವರು ಇದನ್ನು ಯೋಚಿಸಬೇಕು. ಕೇಳಿಸಿಕೊಳ್ಳಲೇಬೇಕಾದದ್ದನ್ನೂ ಅದು ಮುಚ್ಚಿಹಾಕುತ್ತದೆ.

ಧರ್ಮ ದನಿ ತಗ್ಗಿಸಬೇಕೆಂಬ ವಿಚಾರ ಈ ನೆಲಕ್ಕೆ ಕೋರ್ಟಿನಿಂದ ಬಂದದ್ದೂ ಅಲ್ಲ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಸಿಕ್ಕ ಊರು ಮಸ್ಕಿ. ಅದೇ ಅರಸನ ಹನ್ನೆರಡನೆಯ ಶಿಲಾಶಾಸನದ ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ದೇವಿಯ ಗುಡಿಯೊಳಗಿನ ಕಲ್ಲಿನಲ್ಲಿ ದೊರಕಿತು. ತನ್ನ ಪಂಥದ ಬಗ್ಗೆ ಮಾತನಾಡುವಾಗ ನಾಲಿಗೆಗೆ ಕಡಿವಾಣ ಇರಲಿ ಎಂಬುದು ಅದರ ತಿರುಳು. ಜಪದಲ್ಲಿ ಬಾಯಿಬಿಟ್ಟು ಹೇಳುವುದಕ್ಕಿಂತ ಮನಸ್ಸಿನಲ್ಲಿ ಹೇಳುವುದು ಹೆಚ್ಚಿನದು ಎಂದು ಮನುಸ್ಮೃತಿ ಎಣಿಸುತ್ತದೆ. ನಮಾಜಿನ ದನಿ ತೀರ ಏರಬಾರದು, ತೀರ ಇಳಿಯಲೂಬಾರದು ಎಂಬುದು ಕುರಾನಿನ ಸೂಚನೆ.

ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ, ರಾತ್ರಿ ಹತ್ತರಿಂದ ಹನ್ನೆರಡರ ತನಕ ಧ್ವನಿವರ್ಧಕಕ್ಕೆ ರಿಯಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆ ರಿಯಾಯಿತಿಯನ್ನು ಮುಂದೆ ಮಾಡಿ ಗುಡಿಯ ಶಿಖರದ ಕೆಲಸಕ್ಕೋ ದರ್ಗಾದ ಕಾಂಪೌಂಡಿಗೋ ರಾತ್ರಿ ಮಿಕ್ಸರ್ ಹಚ್ಚಿದರೆ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ. ಕಟ್ಟಡ ಯಂತ್ರದ ರಾತ್ರಿ ನಿಷೇಧದಲ್ಲಿ ಹಬ್ಬಕ್ಕೂ ವಿನಾಯಿತಿ ಬರೆದಿಲ್ಲ, ದೇವರ ಮನೆಗೂ ಬರೆದಿಲ್ಲ.