ಅಗಲಿಕೆಯೂ ಉಪವಾಸವೂ

ಸಂಯೋಗವುಳ್ಳಲ್ಲಿ ವಿಯೋಗವು ತಪ್ಪದು. ಮಗಳು ಗಂಡನ ಮನೆಗೆ ತೆರಳುವಳು; ಮಗನು ಉದ್ಯೋಗವನ್ನರಸಿ ದೂರದೇಶವನ್ನು ಸೇರುವನು; ಚಾತುರ್ಮಾಸವು ಮುಗಿಯಲು ಮುನಿಸಂಘವು ವಿಹಾರ ಹೊರಡುವುದು; ಕಡೆಗೊಂದು ದಿನ ಜೀವವು ದೇಹವನ್ನೇ ಬಿಟ್ಟು ನಡೆಯುವುದು. ಇದನ್ನು ಅರಿಯದವರಿಲ್ಲ. ಆದರೂ ಅಗಲಿಕೆಯು ಒದಗಿದಾಗ ಪ್ರತಿಯೊಬ್ಬನೂ ತನಗೊಬ್ಬನಿಗೇ ಅನ್ಯಾಯವಾಯಿತೆಂಬಂತೆ ತಳಮಳಿಸುವನು. ಬುದ್ಧಿಯು ಬಲ್ಲುದನ್ನು ಮನಸ್ಸು ಇನ್ನೂ ಒಪ್ಪಿಲ್ಲವೆಂಬುದೇ ಇದರ ಅರ್ಥ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಆರ್ತಧ್ಯಾನದ 4 ಭೇದಗಳನ್ನು ಹೇಳುವಾಗ ಇಷ್ಟವಿಯೋಗದಿಂದ ಹುಟ್ಟುವುದನ್ನೂ ಎಣಿಸಿದ್ದಾರೆ. ಪ್ರಿಯವಾದುದು ದೂರವಾದಾಗ ಅದನ್ನು ಮರಳಿ ಪಡೆಯಬೇಕೆಂದು ಚಿತ್ತವು ಎಡೆಬಿಡದೆ ಅದನ್ನೇ ನೆನೆಯುವುದು ಅದರ ಲಕ್ಷಣ. ಇದನ್ನೂ ಧ್ಯಾನವೆಂದೇ ಕರೆದಿರುವುದು ಗಮನಾರ್ಹ. ದುಃಖಿಯಲ್ಲಿಯೂ ಏಕಾಗ್ರತೆಯುಂಟು, ಆದರೆ ಅದು ಹಿಡಿದಿರುವುದು ಪರವಸ್ತುವನ್ನು. ಕಣ್ಣೀರು ಒಂದು ಗಳಿಗೆ ಹರಿದು ನಿಲ್ಲಬಹುದು; ‘ನನ್ನದು’ ಎಂಬ ಭಾವವು ಮಾತ್ರ ಹಗಲಿರುಳೂ ಕರ್ಮವನ್ನು ಬರಮಾಡಿಕೊಳ್ಳುತ್ತಿರುವುದು.

ಮಗನನ್ನು ಕಳೆದುಕೊಂಡ ತಾಯಿಯು ಮುಂದಿಟ್ಟ ತಟ್ಟೆಯನ್ನು ಸರಿಸಿಬಿಡುವಳು. ಅದೇ ದಿನ ನೆರೆಮನೆಯ ಶ್ರಾವಕಿಯು ಚತುರ್ದಶಿಯ ವ್ರತವನ್ನು ಹಿಡಿದು ನಿರಾಹಾರಳಾಗಿರುವಳು. ಹೊಟ್ಟೆಯು ಇಬ್ಬರದೂ ಬರಿದು. ಒಬ್ಬಳಿಂದ ಅನ್ನವನ್ನು ಬಿಡಿಸಿದುದು ಶೋಕ. ಇನ್ನೊಬ್ಬಳು ತಾನಾಗಿ ಅನ್ನವನ್ನು ಬಿಟ್ಟಳು. ಮೊದಲನೆಯವಳು ಕರುಣೆಗೆ ಪಾತ್ರಳು, ನಿಂದೆಗಲ್ಲ. ಆದರೆ ಆಕೆಯ ನಿರಾಹಾರವು ತಪಸ್ಸಲ್ಲ. ಅಂಥವಳ ಬಳಿ ಕುಳಿತು ಎರಡು ತುತ್ತು ಉಣಿಸುವುದೇ ಆಗ ಬಂಧುಗಳ ಧರ್ಮ.

ಪ್ರೋಷಧೋಪವಾಸವನ್ನು ಶಿಕ್ಷಾವ್ರತಗಳಲ್ಲಿ ಸೇರಿಸಿರುವುದು ಸಕಾರಣವಾಗಿದೆ. ಶಿಕ್ಷೆಯೆಂದರೆ ಇಲ್ಲಿ ದಂಡನೆಯಲ್ಲ, ಅಭ್ಯಾಸ. ಅಷ್ಟಮಿ ಚತುರ್ದಶಿಗಳಲ್ಲಿ ಶ್ರಾವಕನು ಅನ್ನವನ್ನೂ ಅಲಂಕಾರವನ್ನೂ ವ್ಯಾಪಾರವನ್ನೂ ತಾನೇ ಬೀಳ್ಕೊಡುವನು. ಹಸಿವು ಕರೆಯುವುದು, ಅವನು ಆ ಕರೆಯನ್ನು ಕೇಳಿಯೂ ಸಾಮಾಯಿಕದಲ್ಲಿ ಕುಳಿತಿರುವನು. ಬಯಸಿದುದು ದೂರವಿದ್ದರೂ ಆತ್ಮಕ್ಕೆ ಕೊರತೆಯಿಲ್ಲವೆಂಬುದನ್ನು ಆ ದಿನ ಅವನು ಅನುಭವದಿಂದ ಕಲಿಯುವನು. ಉಪವಾಸವೆಂಬ ಪದಕ್ಕೆ ಸಮೀಪದಲ್ಲಿ ವಾಸಿಸುವುದೆಂದು ಅರ್ಥ. ಪರದಿಂದ ಅಗಲಿದಷ್ಟೂ ತನಗೆ ತಾನು ಹತ್ತಿರವಾಗುವನು.

ಹಾಗಾದರೆ ವಿರಾಗವೆಂದರೆ ಪ್ರೀತಿಯಿಲ್ಲದ ಕಾಠಿಣ್ಯವೇ? ಶ್ರವಣಬೆಳಗೊಳದ ಚಿಕ್ಕಬೆಟ್ಟವು ಇದಕ್ಕೆ ಉತ್ತರ ಹೇಳುವುದು. ಶ್ರುತಕೇವಲಿ ಭದ್ರಬಾಹುಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ಸಂಘದೊಡನೆ ದಕ್ಷಿಣಕ್ಕೆ ಬಂದು, ಅಂತ್ಯವು ಸಮೀಪಿಸಿತೆಂದರಿತು ಸಂಘವನ್ನು ಮುಂದೆ ಕಳುಹಿಸಿ ಇಲ್ಲಿಯೇ ಉಳಿದರೆಂದು ದಿಗಂಬರ ಪರಂಪರೆಯು ಹೇಳುವುದು. ಮೌರ್ಯ ಸಾಮ್ರಾಜ್ಯವನ್ನೇ ತೊರೆದು ಮುನಿಯಾಗಿದ್ದ ಚಂದ್ರಗುಪ್ತನು ಗುರುವಿನ ಬಳಿ ನಿಂತು ಕೊನೆಯವರೆಗೂ ವೈಯಾವೃತ್ಯ ಮಾಡಿದನು. ಸಿಂಹಾಸನವನ್ನು ಬಿಡಬಲ್ಲವನು ಸೇವೆಯನ್ನು ಬಿಡಲಿಲ್ಲ. ಗುರುವು ಹೊರಟಾಗ ತಡೆಯಲೂ ಇಲ್ಲ. ಅವರ ಪಾದಗಳನ್ನು ಅರ್ಚಿಸುತ್ತ ತನ್ನ ತಪಸ್ಸನ್ನು ಮುಂದುವರಿಸಿದನು. ಆ ಬೆಟ್ಟಕ್ಕೆ ಚಂದ್ರಗಿರಿಯೆಂಬ ಹೆಸರು. ಗುಹೆಯಲ್ಲಿ ಭದ್ರಬಾಹುಗಳ ಪಾದಗಳಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ.

ಸಲ್ಲೇಖನದ 5 ಅತಿಚಾರಗಳಲ್ಲಿ ಮಿತ್ರಾನುರಾಗವೂ ಒಂದು. ಬದುಕೆಲ್ಲ ಹಿಡಿದೇ ಅಭ್ಯಾಸವಾದ ಕೈಯು ಆ ಗಳಿಗೆಯಲ್ಲಿ ತಟ್ಟನೆ ಸಡಿಲುವುದೆಂತು? ಆದುದರಿಂದ ಸಣ್ಣ ಅಗಲಿಕೆಗಳಲ್ಲಿಯೇ ಅಭ್ಯಾಸವು ಮೊದಲಾಗಬೇಕು. ಊರಿಗೆ ಹೊರಟ ಮಗನನ್ನು ‘ನಮ್ಮನ್ನು ಬಿಟ್ಟುಹೋಗುವೆಯಾ’ ಎಂದು ನೋಯಿಸದೆ ಹರಸಿ ಕಳುಹಿಸುವುದು, ಬೀಳ್ಕೊಡುವ ಮುನ್ನ ಪರಸ್ಪರ ಕ್ಷಮೆ ಬೇಡುವುದು, ಆ ವಾರದ ಪರ್ವದಿನ ಏಕತ್ವ, ಅನ್ಯತ್ವ ಅನುಪ್ರೇಕ್ಷೆಗಳನ್ನು ಚಿಂತಿಸುತ್ತ ಶಕ್ತ್ಯನುಸಾರ ಉಪವಾಸವನ್ನಾಗಲಿ ಏಕಭುಕ್ತವನ್ನಾಗಲಿ ಆಚರಿಸುವುದು: ಗೃಹಸ್ಥನಿಗೆ ಇಷ್ಟು ಸಾಧ್ಯ. ಹೋಗುವವರು ಹೋಗಿಯೇ ತೀರುವರು. ಕ್ಷಮೆ ಬೇಡಿ ಕಳುಹಿಸಿದವನ ಮನೆಯಲ್ಲಿ ಶೋಕದ ಜೊತೆಗೆ ಪಶ್ಚಾತ್ತಾಪವೂ ಬಂದು ಕೂರುವುದಿಲ್ಲ.