ಆದೇಶದಲ್ಲಿದ್ದ ತಾರೀಖು

ಇಟಲಿಯ ಫ್ಲಾರೆನ್ಸ್ ನಗರದ ಬಾಲ ನ್ಯಾಯಾಲಯ 1998ರ ಡಿಸೆಂಬರ್ 22ರಂದು ಒಂದು ಆದೇಶ ಹೊರಡಿಸಿತು. ಒಬ್ಬ ತಾಯಿಯ ಇಬ್ಬರು ಗಂಡುಮಕ್ಕಳು ಆಗ ಸರ್ಕಾರದ ಸುಪರ್ದಿಯಲ್ಲಿದ್ದರು. ತಾಯಿ ಮತ್ತು ಮಕ್ಕಳ ಭೇಟಿ ಮುಂದಿನ ಮಾರ್ಚ್ 15ರೊಳಗೆ ಶುರುವಾಗಬೇಕು ಎಂದಿತು ಕೋರ್ಟು. ಮೊದಲ ಭೇಟಿ ನಡೆದದ್ದು ಏಪ್ರಿಲ್ 29ಕ್ಕೆ. ಎರಡನೆಯದು ಸೆಪ್ಟೆಂಬರ್ 9ಕ್ಕೆ.

ಒಂದೂವರೆ ತಿಂಗಳ ವಿಳಂಬ ಅಷ್ಟೇನೂ ದೊಡ್ಡದಲ್ಲ ಅನ್ನಿಸಬಹುದು. ಆದರೆ ಮಕ್ಕಳನ್ನು ಮನೆಯಿಂದ ಕರೆದೊಯ್ದದ್ದು 1997ರ ಸೆಪ್ಟೆಂಬರ್‌ನಲ್ಲಿ. ಚಿಕ್ಕವನನ್ನು ನೋಡಲು ಕೋರ್ಟು ಆಗಲೇ ತಾಯಿಗೆ ಅನುಮತಿ ಕೊಟ್ಟಿತ್ತು. ಒಂದು ಭೇಟಿಯನ್ನೂ ಯಾರೂ ಏರ್ಪಡಿಸಲಿಲ್ಲ. ತಿಂಗಳುಗಳು ಕಳೆದವು. ಆಮೇಲೆ, ಭೇಟಿಗೆ ಮೊದಲು ತಾಯಿಯನ್ನು ಅದಕ್ಕೆ ಸಿದ್ಧಗೊಳಿಸಬೇಕು ಎಂಬ ಹೊಸ ಷರತ್ತು ಬಂತು. ಹೀಗೆ ಒಂದೂವರೆ ವರ್ಷಕ್ಕೂ ಮೀರಿ ಆ ಎಳೆಯ ಮಗು ತಾಯಿಯ ಮುಖ ಕಾಣಲಿಲ್ಲ.

ಈ ಪ್ರಕರಣ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. ಅದರ ಮಹಾಪೀಠ 2000ರ ಜುಲೈ 13ರಂದು ತೀರ್ಪು ನೀಡಿತು. ಮಕ್ಕಳನ್ನು ಮನೆಯಿಂದ ಬಿಡಿಸಿ ಒಯ್ದದ್ದನ್ನು ಆ ಪೀಠ ತಪ್ಪೆನ್ನಲಿಲ್ಲ. ಆ ಮನೆಯಲ್ಲಿ ನಿಜವಾದ ತೊಂದರೆಗಳಿದ್ದವು. ತಪ್ಪೆಂದದ್ದು ಅದರ ನಂತರ ನಡೆದದ್ದನ್ನು. ಭೇಟಿಗಳು ತಡವಾದದ್ದು, ಬೆರಳೆಣಿಕೆಯಷ್ಟೂ ಆಗದೆ ಹೋದದ್ದು ಕುಟುಂಬ ಜೀವನದ ಹಕ್ಕಿನ ಉಲ್ಲಂಘನೆ ಎಂದಿತು. ಸಮಾಜ ಸೇವಾ ಇಲಾಖೆಯ ನಡವಳಿಕೆಯಿಂದ ಕೋರ್ಟಿನ ನಿರ್ಧಾರಗಳೇ ನಿಷ್ಫಲವಾಗದಂತೆ ನಿಗಾ ಇಡಬೇಕಾದವರು ನ್ಯಾಯಾಧೀಶರೇ ಎಂದೂ ಹೇಳಿತು.

ಈ ಕೊನೆಯ ಮಾತು ನನಗೆ ಬಹಳ ಮುಖ್ಯ. ಇಂಥ ಕಡೆ ಅಧಿಕಾರಿಗಳು ಆದೇಶವನ್ನು ಧಿಕ್ಕರಿಸುತ್ತೇವೆ ಎಂದು ಎಂದೂ ಹೇಳುವುದಿಲ್ಲ. ಸಿಬ್ಬಂದಿ ರಜೆಯಲ್ಲಿದ್ದಾರೆ, ಮಗುವಿಗೆ ಮೈ ಹುಷಾರಿಲ್ಲ, ಮನಶ್ಶಾಸ್ತ್ರಜ್ಞರ ವರದಿ ಬರಬೇಕು ಎನ್ನುತ್ತಾರೆ. ಒಂದೊಂದು ಕಾರಣವೂ ಕೇಳಲು ಸರಿಯಾಗಿಯೇ ಇರುತ್ತದೆ. ಸಾಲದ ಕಂತು ತಡವಾದರೆ ಬಡ್ಡಿ ಸೇರಿಸಿ ಕಟ್ಟಬಹುದು; ಮೂರು ವರ್ಷದ ಮಗುವಿನ ಆರು ತಿಂಗಳನ್ನು ಯಾರೂ ಹಿಂದಕ್ಕೆ ಕೊಡಲಾರರು. ಆ ವಯಸ್ಸಿನ ಮಗು ಆರು ತಿಂಗಳಲ್ಲಿ ಬೇರೆ ಮಾತು ಕಲಿಯುತ್ತದೆ, ಬೇರೊಬ್ಬರ ಮಡಿಲಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಭೇಟಿ ನಡೆದಾಗ ಮಗು ತಾಯಿಯ ಹತ್ತಿರ ಹೋಗಲೊಲ್ಲದೆ ಅಳುತ್ತದೆ. ಅದನ್ನೇ ಬರೆದುಕೊಂಡು, ಭೇಟಿಯಿಂದ ಮಗುವಿಗೆ ಘಾಸಿಯಾಗುತ್ತಿದೆ ಎಂದು ಇಲಾಖೆ ಇನ್ನೊಂದು ವರದಿ ಸಲ್ಲಿಸುತ್ತದೆ. ವಿಳಂಬ ತನಗೆ ಬೇಕಾದ ಸಾಕ್ಷ್ಯವನ್ನು ತಾನೇ ಹುಟ್ಟಿಸಿಕೊಳ್ಳುವುದು ಹೀಗೆ. ಇದು ನನಗೆ ಕ್ರೌರ್ಯವಾಗಿಯೇ ಕಾಣುತ್ತದೆ, ಅದರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇಲ್ಲದಿದ್ದರೂ.

ತಂದೆ ತಾಯಿಯಿಂದ ದೂರವಾದ ಮಗುವಿಗೆ ಅವರಿಬ್ಬರೊಡನೆಯೂ ನಿಯಮಿತವಾಗಿ ನೇರ ಸಂಪರ್ಕ ಇಟ್ಟುಕೊಳ್ಳುವ ಹಕ್ಕಿದೆ, ಅದು ಮಗುವಿನ ಹಿತಕ್ಕೆ ವಿರುದ್ಧವಾಗದಿರುವವರೆಗೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಹೇಳುವುದು ಇದನ್ನೇ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ನಮ್ಮ ಬಾಲಮಂದಿರಗಳಿಗೂ ಕುಟುಂಬ ನ್ಯಾಯಾಲಯಗಳಿಗೂ ಈ ಮಾತು ಸಲ್ಲುತ್ತದೆ. ಹಕ್ಕು ಮಗುವಿನದು. ತಪ್ಪಿಹೋದ ಭೇಟಿಯಲ್ಲಿ ತಾಯಿಗಷ್ಟೇ ಅನ್ಯಾಯವಾಯಿತು ಎಂದುಕೊಂಡರೆ ಅರ್ಧ ಲೆಕ್ಕ ಬಿಟ್ಟಂತೆ. ಭೇಟಿ ತಪ್ಪಿದ ವಾರದಲ್ಲೇ ಏಕೆ ತಪ್ಪಿತು ಎಂದು ನ್ಯಾಯಾಧೀಶರಿಗೆ ಲಿಖಿತ ಕಾರಣ ಕೊಡಬೇಕು. ತಾಯಿ ವಕೀಲರನ್ನು ಹಿಡಿದು ಹೊಸ ಅರ್ಜಿ ಹಾಕುವವರೆಗೆ ಕೋರ್ಟು ಕಾಯಬಾರದು.

ಭೇಟಿಯೆಂದರೆ ಮಮತೆಯ ವಿಷಯ ಮಾತ್ರವೂ ಅಲ್ಲ. ತಿಂಗಳಿಗೊಮ್ಮೆಯಾದರೂ ಮಗುವಿನ ಮೈ ಮುಟ್ಟಿ ನೋಡುವ, ಯಾಕೆ ಸೊರಗಿದ್ದೀಯ ಎಂದು ಕೇಳುವ, ಹೊರಗಿನ ಒಂದು ಜೀವ ಮಗುವಿನ ಬಳಿಗೆ ಬರುವುದು ಭೇಟಿಯಲ್ಲೇ.

ಹೊರಗಿನ ಆ ಕಣ್ಣು ಏಕೆ ಬೇಕು ಎಂಬುದನ್ನು ಇದೇ ಪ್ರಕರಣ ತೋರಿಸುತ್ತದೆ. ಇಟಲಿಯ ಆ ಮಕ್ಕಳನ್ನು ಇರಿಸಿದ್ದು ಫ್ಲಾರೆನ್ಸ್ ಬಳಿಯ ಮುಜೆಲ್ಲೊ ಕಣಿವೆಯ 'ಇಲ್ ಫೋರ್ತೆತೊ' ಎಂಬ ಸಮುದಾಯದಲ್ಲಿ. ಹೊಲ, ಚೀಸ್ ತಯಾರಿಕೆ, ಒಳ್ಳೆಯ ಹೆಸರು, ಎಲ್ಲವೂ ಅದಕ್ಕಿತ್ತು. ತಮ್ಮ ಆಶ್ರಯದಲ್ಲಿದ್ದವರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದಕ್ಕೆ ಅದರ ಇಬ್ಬರು ಮುಖಂಡರಿಗೆ 1985ರಲ್ಲೇ ಶಿಕ್ಷೆಯಾಗಿತ್ತು. ಅದು ಗೊತ್ತಿದ್ದೂ ಮಕ್ಕಳನ್ನು ಅಲ್ಲಿಗೆ ಕಳಿಸಲಾಗಿತ್ತು. ಸ್ಟ್ರಾಸ್‌ಬರ್ಗ್ ಅದನ್ನೂ ಹಕ್ಕಿನ ಉಲ್ಲಂಘನೆ ಎಂದಿತು. ತೀರ್ಪು ಬಂದ ನಂತರವೂ ಬೇರೆ ಬೇರೆ ಮಕ್ಕಳನ್ನು ಅಲ್ಲಿಗೆ ಕಳಿಸುವುದು ನಿಲ್ಲಲಿಲ್ಲ. ಆ ಇಬ್ಬರಲ್ಲೊಬ್ಬನಾದ, ಸಮುದಾಯದ ಸ್ಥಾಪಕ ರೊಡೋಲ್ಫೊ ಫಿಯೇಸೊಲಿ ಮತ್ತೆ ಬಂಧನಕ್ಕೊಳಗಾದದ್ದು 2011ರ ಡಿಸೆಂಬರ್‌ನಲ್ಲಿ, ಅಲ್ಲೇ ಬೆಳೆದು ದೊಡ್ಡವರಾದವರು ಬಾಯಿ ಬಿಟ್ಟ ಮೇಲೆ. 2015ರಲ್ಲಿ ಫ್ಲಾರೆನ್ಸ್‌ನ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು.